ಟೇಲರ್ ಸಾಹೇಬರೂ ಸುರಪುರದ ಕೊನೆಯ ಅರಸರೂ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ವರ್ಷಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಸುರಪುರಕ್ಕೆ ಕರೆದುಕೊಂಡು ಹೋಗುವುದು ನನ್ನ ರೂಢಿಯಾಗಿತ್ತು. ಅರಮನೆ, ವೇಣುಗೋಪಾಲಸ್ವಾಮಿ ಗುಡಿ ನೋಡಿಕೊಂಡು, ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹೋಗಿ, ಅಲ್ಲಿ ಗಿಡದ ನೆರಳಿಗೆ ಕುಳಿತು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚುತ್ತಿದ್ದೆವು. ಒಂದು ವರ್ಷ ರೊಟ್ಟಿ ತಿನ್ನುತ್ತಿದ್ದ ಹುಡುಗನೊಬ್ಬ ಥಟ್ಟನೆ ಕೇಳಿದ: "ಸರ್, ಈ ಟೇಲರ್ ಸಾಹೇಬ ಚಲೋ ಮನುಷ್ಯಾನೋ, ಕೆಟ್ಟ ಮನುಷ್ಯಾನೋ?" ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಾಗಿದ್ದರೆ ಉತ್ತರ ಹೇಳುತ್ತಿದ್ದೆ. ಅಂದು ಮಾತ್ರ "ಮೊದಲು ಊಟ ಮಾಡೋ" ಎಂದು ಜಾರಿಕೊಂಡೆ. ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನೆನಪಾದದ್ದು ಆ ಹುಡುಗನೇ. ಅವನು ಈಗ ಎಲ್ಲಿದ್ದಾನೋ, ಈ ಸಂಚಿಕೆ ಅವನ ಕೈಗೆ ಸಿಗಲಿ.

ಸೈನ್ಯದ ಸಮವಸ್ತ್ರ ತೊಟ್ಟು ವೃತ್ತಿ ಆರಂಭಿಸಿ, ಕೊನೆಗೆ ಒಂದು ನಾಡಿನ ಕಾಯಿದೆ ಕಂದಾಯ ನಿರ್ಧರಿಸುವ ಜಾಗದಲ್ಲಿ ಕುಳಿತವರು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಇಂದು ಅಂಥವರು ಚುನಾವಣೆಗೆ ನಿಂತು, ಜನರ ಮತ ಪಡೆದು ಸಂಸತ್ತಿಗೆ ಹೋಗಬೇಕು. ನಮ್ಮ ಸೀಮೆಗೆ ನೂರೆಂಬತ್ತು ವರ್ಷಗಳ ಹಿಂದೆ ಬಂದ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಅವರನ್ನು ಯಾರೂ ಆರಿಸಿರಲಿಲ್ಲ. ಆದರೂ ಹತ್ತಕ್ಕೂ ಹೆಚ್ಚು ವರ್ಷ ಸುರಪುರ ಸಂಸ್ಥಾನದಲ್ಲಿ ಅವರ ಮಾತೇ ಶಾಸನವಾಗಿತ್ತು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಬಂದರು ಪಟ್ಟಣ ಲಿವರ್‌ಪೂಲಿನಲ್ಲಿ. ಹದಿನೈದು ತುಂಬಿದ ಹುಡುಗನನ್ನು ಮುಂಬಯಿಯ ವ್ಯಾಪಾರಿಯೊಬ್ಬರ ಅಂಗಡಿಗೆ ಗುಮಾಸ್ತನನ್ನಾಗಿ ಹಡಗು ಹತ್ತಿಸಿ ಕಳಿಸಿದರು. ಮುಂದೆ ಪಾಲುದಾರನಾಗುತ್ತಾನೆ, ಶ್ರೀಮಂತನಾಗುತ್ತಾನೆ ಎಂಬ ಆಸೆ ಮನೆಯವರದು. ಬಂದು ನೋಡಿದರೆ ಆ ವ್ಯಾಪಾರವೇ ಕುಸಿಯುತ್ತಿತ್ತು. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರ ಶಿಫಾರಸಿನಿಂದ 1824ರಲ್ಲಿ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಆಗ ಅವರಿಗೆ ಹದಿನಾರು. ನಮ್ಮ ಎಸ್ಸೆಸ್ಸೆಲ್ಸಿ ಹುಡುಗರ ವಯಸ್ಸು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಟೇಲರ್ ಕಂಪನಿ ಸರಕಾರದ ನೌಕರರಾಗಿರಲಿಲ್ಲ, ನಿಜಾಮರ ಸಂಬಳ ಉಣ್ಣುವವರು. ಕಂಪನಿಯ ಸಿವಿಲ್ ಅಧಿಕಾರಿಗಳ ಸಾಲಿನಲ್ಲಿ ಅವರಿಗೆ ಎಂದೂ ಸರಿಸಮಾನ ಜಾಗ ಸಿಗಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹಿಂದೂಸ್ತಾನಿ, ಪಾರ್ಸಿ, ಮರಾಠಿ ಕಲಿತದ್ದು, ಭೂಮಾಪನ, ಕಟ್ಟಡ ಕೆಲಸ, ಕಾನೂನು, ಭೂವಿಜ್ಞಾನ ಎಲ್ಲವೂ ಸ್ವಂತ ಓದಿನಿಂದ, ಸವಾರಿಯ ಮಧ್ಯೆ. ಇಪ್ಪತ್ತು ತುಂಬುವ ಮೊದಲೇ ಪೊಲೀಸ್ ಅಧಿಕಾರಿಯಾಗಿ ದೊಡ್ಡ ಪ್ರದೇಶವನ್ನು ನೋಡಿಕೊಂಡರು. ದಾರಿಹೋಕರನ್ನು ಕರವಸ್ತ್ರದಿಂದ ಕೊರಳು ಬಿಗಿದು ಕೊಲ್ಲುವ ಥಗ್ಗರ ಜಾಲದ ಸುಳಿವು ತಮಗೂ ಹತ್ತಿತ್ತು, ಅಷ್ಟರಲ್ಲಿ ದಂಡಿಗೆ ವಾಪಸು ಕರೆಸಿಕೊಂಡರು, ಹೀಗಾಗಿ ಕೀರ್ತಿ ಸ್ಲೀಮನ್ ಅವರ ಪಾಲಾಯಿತು ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಕೊರಗನ್ನು ಅವರು ಕಾದಂಬರಿಯಾಗಿಸಿದರು. ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಆ ಪುಸ್ತಕ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಮನೆಮಾತಾಯಿತು. ಮರುವರ್ಷ ಟೀಪು ಸುಲ್ತಾನರ ಕಾಲದ ಕಾದಂಬರಿ. ರಜೆ ಮುಗಿಸಿ ಹೈದರಾಬಾದಿಗೆ ಮರಳುವಾಗ ಟೇಲರ್ ಹೆಸರುವಾಸಿ ಲೇಖಕ, ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಬಾತ್ಮೀದಾರರೂ ಹೌದು. ಆಗಲೇ ಸುರಪುರದ ವ್ಯಾಜ್ಯ ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಜರರ ಮೇಜಿನ ಮೇಲೆ ಬಿದ್ದಿತ್ತು.

ಸುರಪುರದ ಬೇಡ ನಾಯಕರು ಎಂಥವರೆಂದು ನಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಮುದುಕನಾದ ಔರಂಗಜೇಬ 1705ರಲ್ಲಿ ಸ್ವತಃ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿ ಕೂಡಬೇಕಾಯಿತು. ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ನಾಯಕರು ಕೈಗೆ ಸಿಗಲಿಲ್ಲ. ಆದರೆ ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಕಾಲ ಬದಲಾಗಿತ್ತು. ನಿಜಾಮರಿಗೆ ಕೊಡಬೇಕಾದ ನಜರಾಣೆ, ಸಾಹುಕಾರರ ಸಾಲ, ಬಡ್ಡಿಯ ಮೇಲೆ ಬಡ್ಡಿ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಕೂಸು. ಆಡಳಿತ ಯಾರ ಕೈಯಲ್ಲಿರಬೇಕು ಎಂದು ತೀರಿಹೋದ ಅರಸರ ತಮ್ಮ ಪಿಡ್ಡ ನಾಯಕರಿಗೂ ರಾಣಿ ಈಶ್ವರಮ್ಮನವರಿಗೂ ಜಗ್ಗಾಟ. ಈ ಜಗ್ಗಾಟದ ನಡುವೆ 1841–42ರ ಹೊತ್ತಿಗೆ ಟೇಲರ್ ಬಂದಿಳಿದರು. ಯಾದಗಿರಿಗೆ ರೈಲು ಬರಲು ಇನ್ನೂ ಮೂವತ್ತು ವರ್ಷ ಬಾಕಿ. ಕುದುರೆ, ಪಾಲಕಿ, ಭೀಮಾ ನದಿಗೆ ಹರಿಗೋಲು, ಅಷ್ಟೇ ಸೌಕರ್ಯ.

ಬಂದವರು ವಾಪಸು ಹೋಗಲಿಲ್ಲ. ಊರ ಹೊರಗಿನ ಗುಡ್ಡದ ಮೇಲೆ 1844ರಲ್ಲಿ ಮನೆ ಕಟ್ಟಿಸಿಕೊಂಡರು. ಇಂದು ನಾವು ಪ್ರವಾಸಿ ಮಂದಿರ ಎನ್ನುವ ಟೇಲರ್ ಮಂಜಿಲ್ ಅದೇ. ಭೂಮಿ ಅಳೆಸಿದರು, ಕಂದಾಯದ ಲೆಕ್ಕ ಸರಿಪಡಿಸಿದರು, ಸಾಲದ ಹೊರೆ ಇಳಿಸಿದರು, ಕೆರೆಗಳ ಏರಿ ಭದ್ರಪಡಿಸಿದರು. ನಾಯಕರ ಕಾಲದ ಬೋನಾಳ ಕೆರೆ ಟೇಲರರ ಕಾಲದಲ್ಲಿ ಇನ್ನಷ್ಟು ದುರಸ್ತಿಯಾಯಿತು. ಇಂದು ಅಲ್ಲಿ ಪಕ್ಷಿಧಾಮವಿದೆ, ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ.

ಆದರೆ ಒಬ್ಬ ಇತಿಹಾಸ ಶಿಕ್ಷಕನಾಗಿ ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಅವರ ಕೆರೆಗಳಲ್ಲ, ಕಲ್ಲುಗಳು. ಸುರಪುರ ಸೀಮೆಯ ರಾಜನಕೋಳೂರು, ಹಗರಟಗಿ, ಅತ್ತ ಜೇವರ್ಗಿ ಕಡೆ ಬಯಲಲ್ಲಿ ನಿಂತಿರುವ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳ ಮನೆಗಳಂಥ ರಚನೆಗಳನ್ನು ನಮ್ಮ ಹಿರಿಯರು ಮೋರೇರ ಮನೆ ಎಂದು ಕರೆದು ದೂರದಿಂದಲೇ ಹಾದುಹೋಗುತ್ತಿದ್ದರು. ಗಿಡ್ಡ ಜನ ಕಟ್ಟಿಕೊಂಡು ಬಾಳಿದ ಮನೆಗಳು ಎಂಬ ಮಾತು. ಟೇಲರ್ ಇವುಗಳನ್ನು ಅಳೆದರು, ಚಿತ್ರ ಬರೆದರು, ಕೆಲವನ್ನು ಅಗೆಸಿದರು. ಒಳಗೆ ಮೂಳೆ, ಬೂದಿ, ಮಡಕೆ ಸಿಕ್ಕವು. ಇವು ವಾಸದ ಮನೆಗಳಲ್ಲ, ಬಹು ಹಿಂದಿನ ಜನರ ಸಮಾಧಿಗಳು ಎಂದು ಅವರು ತಿಳಿದುಕೊಂಡರು. ಇಂಗ್ಲೆಂಡಿನಲ್ಲೂ ಇಂಥವೇ ಕಲ್ಲುಗಳಿವೆಯಲ್ಲ, ಎರಡಕ್ಕೂ ಏನು ನಂಟು ಎಂದು ತಲೆ ಕೆಡಿಸಿಕೊಂಡರು. ಅವರು ಕಟ್ಟಿದ ನಂಟನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ, ಆದರೆ ಅಳತೆ, ಚಿತ್ರಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಶಹಾಪುರದ ಬಳಿ ವಿಭೂತಿಹಳ್ಳಿಯ ಹೊಲಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಬಂಡೆಗಳ ಬಗ್ಗೆಯೂ ಬರೆದರು. 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇವೆಲ್ಲ ಅಚ್ಚಾದವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನ ಹೇಳುವವರು ಟೇಲರರ ಹೆಸರನ್ನು ಆರಂಭದಲ್ಲೇ ಹೇಳುತ್ತಾರೆ. ನಮ್ಮ ದನಗಾಹಿಗಳು ಒರಗಿ ಕೂಡುವ ಕಲ್ಲುಗಳು ಜಗತ್ತಿನ ಪುಸ್ತಕ ಸೇರಿದ್ದು ಹೀಗೆ. ವಿಭೂತಿಹಳ್ಳಿಗೆ ಶಹಾಪುರದಿಂದ ಎಷ್ಟು ದೂರ ಎಂದು ಕೇಳಿದರೆ ನಮ್ಮಲ್ಲೇ ಎಷ್ಟು ಜನ ಹೇಳಿಯಾರು? ನಾನೂ ಮೊದಲ ಸಲ ನೋಡಿದ್ದು ನೌಕರಿ ಸೇರಿ ಬಹಳ ವರ್ಷಗಳ ನಂತರ.

ಇನ್ನು ಬಾಲಕ ಅರಸರ ಮಾತು. ತಂದೆ ಇಲ್ಲದ ಹುಡುಗ ಟೇಲರರನ್ನು "ಅಪ್ಪಾ" ಎಂದು ಕರೆಯುತ್ತಿದ್ದ. ಓದು, ಸವಾರಿ, ನಡೆನುಡಿ ಎಲ್ಲಕ್ಕೂ ಅವರದೇ ನಿಗಾ. ರಾಣಿ ಈಶ್ವರಮ್ಮನವರ ಬಗ್ಗೆ ಟೇಲರ್ ತಮ್ಮ ಆತ್ಮಕಥೆಯಲ್ಲಿ ಬಹಳ ಕಟುವಾಗಿ ಬರೆದಿದ್ದಾರೆ. ಅವರ ನಡತೆಯ ಮೇಲೂ ದೂರುಗಳಿವೆ. ಅದನ್ನು ಓದುವಾಗಲೆಲ್ಲ ನನಗೆ ತಡೆದು ನಿಲ್ಲುವಂತಾಗುತ್ತದೆ. ಗಂಡ ಸತ್ತ ಮೇಲೆ ಮಗನ ಗಾದಿ ಉಳಿಸಿಕೊಳ್ಳಲು ಮೈದುನನ ಜೊತೆ, ಸಾಹುಕಾರರ ಜೊತೆ, ರೆಸಿಡೆಂಟರ ಜೊತೆ ಒಂಟಿಯಾಗಿ ಗುದ್ದಾಡಿದ ಹೆಂಗಸು ಆಕೆ. ತನ್ನ ಅಧಿಕಾರಕ್ಕೆ ಅಡ್ಡ ಬಂದ ಹೆಂಗಸಿನ ಬಗ್ಗೆ ಅಧಿಕಾರಿ ಬರೆದ ಮಾತನ್ನು ಪೂರ್ತಿ ನಂಬಬೇಕೆ? ಆಕೆಯ ಕಡೆಯ ಮಾತು ಹೇಳುವ ಒಂದು ಹಾಳೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ಪುಸ್ತಕದಲ್ಲಿ ಜಾತಕದ ಪ್ರಸಂಗವೊಂದಿದೆ. ಕಾಯಿಲೆ ಬಿದ್ದ ರಾಣಿ ಟೇಲರರನ್ನು ಕರೆಸಿ, ಮಗನ ಜಾತಕವನ್ನು ಶಾಸ್ತ್ರಿಯೊಬ್ಬರಿಂದ ಓದಿಸುತ್ತಾರೆ. ಇಪ್ಪತ್ತನಾಲ್ಕನೇ ವರ್ಷದಲ್ಲಿ ಅರಸನಿಗೆ ಮೃತ್ಯುಯೋಗವಿದೆ ಎಂದು ಅದರಲ್ಲಿರುತ್ತದೆ. ಇದನ್ನು ಗುಟ್ಟಾಗಿಡಬೇಕೆಂದು ಮಾತು ತೆಗೆದುಕೊಳ್ಳುತ್ತಾರೆ. ಜಾತಕ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ನನ್ನನ್ನು ಕಾಡುವುದು ಬೇರೆ. ಅಷ್ಟು ಜಗಳವಾಡಿದ ತಾಯಿ, ಎದೆಯೊಳಗಿನ ಭಯವನ್ನು ಹೇಳಿಕೊಳ್ಳಲು ಕರೆಸಿದ್ದು ತನ್ನ ಅಧಿಕಾರ ಕಿತ್ತುಕೊಂಡ ಮನುಷ್ಯನನ್ನೇ.

1853ರಲ್ಲಿ ಅರಸರು ವಯಸ್ಸಿಗೆ ಬಂದು ಆಡಳಿತ ವಹಿಸಿಕೊಂಡರು. ಅದೇ ವರ್ಷದ ಒಪ್ಪಂದದಂತೆ ನಿಜಾಮರಿಂದ ಕಂಪನಿ ಪಡೆದ ಪ್ರದೇಶಗಳಲ್ಲಿ ನಳದುರ್ಗ ಜಿಲ್ಲೆ ಟೇಲರರಿಗೆ ಬಂತು. ಸುರಪುರ ಬಿಟ್ಟರು. ನಾಲ್ಕು ವರ್ಷ ಅಲ್ಲಿ, 1857ರ ಗಲಭೆಯ ಕಾಲಕ್ಕೆ ಬೇರಾರಿನ ಬುಲ್ಡಾಣದಲ್ಲಿ. ಈ ನಡುವೆ ಸುರಪುರದ ಬೊಕ್ಕಸ ಮತ್ತೆ ಬರಿದಾಯಿತು, ಸಾಲ ಮತ್ತೆ ಬೆಳೆಯಿತು.

ಉತ್ತರದ ದಂಗೆಯ ಸುದ್ದಿ ಕೃಷ್ಣೆಯ ತೀರಕ್ಕೂ ಬಂತು. ನಿಶ್ಶಸ್ತ್ರೀಕರಣದ ಕಾಯಿದೆಯ ವಿರುದ್ಧ ಹಲಗಲಿಯ ಬೇಡರು 1857ರ ಕೊನೆಗೆ ಸಿಡಿದೆದ್ದದ್ದು ಎಲ್ಲರಿಗೂ ಗೊತ್ತು. ಸುರಪುರದ ಯುವ ಅರಸರು ನಾನಾಸಾಹೇಬರ ಕಡೆಯವರ ಸಂಪರ್ಕದಲ್ಲಿದ್ದಾರೆ, ಅರಬರು ರೋಹಿಲರನ್ನು ಕೂಡಿಹಾಕುತ್ತಿದ್ದಾರೆ ಎಂದು ಇಂಗ್ಲಿಷರಿಗೆ ಗುಮಾನಿ. ವಿಚಾರಿಸಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಬಂದರು, ಹಿಂದೆಯೇ ದಂಡು ಬಂತು. 1858ರ ಫೆಬ್ರುವರಿ 7ರ ರಾತ್ರಿ ಸುರಪುರದ ಪಡೆ ಕ್ಯಾಪ್ಟನ್ ವಿಂಡ್‌ಹ್ಯಾಮರ ಠಾಣ್ಯದ ಮೇಲೆ ಬಿತ್ತು. ರಾತ್ರಿಯೆಲ್ಲ ಗುಂಡಿನ ಕಾಳಗ. ಮರುದಿನ ಇಂಗ್ಲಿಷರಿಗೆ ಹೊಸ ಕುಮಕು ಬಂದು ಗುಡ್ಡಗಳ ಮೇಲೆ ಕಾದಾಟವಾಯಿತು, ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಅದರಲ್ಲಿ ಸತ್ತರು. ಅವರ ಗೋರಿ ಸುರಪುರದಲ್ಲೇ ಇದೆ. ಇನ್ನು ನಿಲ್ಲಲಾಗದೆಂದು ಅರಿತ ಅರಸರು ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟುಹೋದರು. ಅಲ್ಲಿ ಅವರನ್ನು ಹಿಡಿದರು. ದಿವಾನ ಸಾಲಾರ್ ಜಂಗರು ರೆಸಿಡೆಂಟರಿಗೆ ಒಪ್ಪಿಸಿದರು.

ಆಗ ಸುರಪುರವನ್ನು ವಶಕ್ಕೆ ತೆಗೆದುಕೊಂಡು ಆಳಲು ಯಾರನ್ನು ಕಳಿಸಿದರು? ಟೇಲರರನ್ನೇ. ಊರನ್ನು, ಜನರನ್ನು, ಬೇಡರ ಮುಖಂಡರನ್ನು ಹೆಸರು ಹಿಡಿದು ಬಲ್ಲವರು ಅವರೊಬ್ಬರೇ. ಒಳ್ಳೆಯತನದಿಂದ ಗಳಿಸಿದ ಈ ಬಳಕೆಯೇ ಸಂಸ್ಥಾನವನ್ನು ಸದ್ದಿಲ್ಲದೆ ಕೈವಶ ಮಾಡಿಕೊಳ್ಳಲು ಸರಕಾರಕ್ಕೆ ಉಪಯೋಗವಾಯಿತು. ಟೇಲರ್ ಮಂಜಿಲ್‌ನ ಅಂಗಳದಲ್ಲಿ ನಿಂತಾಗ ನಾನು ಮರೆಯಲಾರದ ಮಾತು ಇದು.

ಸಿಕಂದರಾಬಾದಿನ ಸೆರೆಯಲ್ಲಿ ಅರಸರನ್ನು ಟೇಲರ್ ಕಂಡರು. ಕಂಡೊಡನೆ "ಅಪ್ಪಾ" ಎಂದು ಅರಸರು ಅವರನ್ನು ತಬ್ಬಿಕೊಂಡು ಅತ್ತರಂತೆ. ಬಂಡಾಯಕ್ಕೆ ಯಾರು ಯಾರು ಚಿತಾವಣೆ ಕೊಟ್ಟರು ಎಂದು ಹೇಳಿದರೆ ಶಿಕ್ಷೆ ಹಗುರವಾದೀತು ಎಂಬ ಸೂಚನೆ ಅವರ ಮುಂದಿತ್ತು. ಅರಸರು ಹೆಸರು ಮಾರಿಕೊಂಡು ಪ್ರಾಣ ಉಳಿಸಿಕೊಳ್ಳಲು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರಿಸುವುದು ಮಾತ್ರ ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ನಡುಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಇದನ್ನು ಬರೆದಿಟ್ಟವರು ಟೇಲರರೇ. ಆ ಮಟ್ಟಿಗೆ ಅವರ ಲೇಖನಿ ಪ್ರಾಮಾಣಿಕ. ತಮ್ಮ ಸರಕಾರದ ಶತ್ರುವಿನ ಧೈರ್ಯವನ್ನು ಅವರು ಮುಚ್ಚಿಡಲಿಲ್ಲ.

ಮೊದಲು ಮರಣದಂಡನೆ. ರೆಸಿಡೆಂಟರು ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದರು. ಗವರ್ನರ್ ಜನರಲ್ ಕ್ಯಾನಿಂಗರು ಇನ್ನಷ್ಟು ಇಳಿಸಿ, ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ, ನಡತೆ ಸರಿಯಾಗಿದ್ದರೆ ಮುಂದೆ ಸಂಸ್ಥಾನ ಮರಳಿ ಕೊಡಬಹುದು ಎಂದು ಆಜ್ಞೆ ಮಾಡಿದರು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸರು ಪ್ರಾಣ ಬಿಟ್ಟರು. ತಾವೇ ಗುಂಡು ಹಾರಿಸಿಕೊಂಡರು ಎಂದು ಟೇಲರ್ ಬರೆಯುತ್ತಾರೆ. ನಮ್ಮ ಸೀಮೆಯಲ್ಲಿ ಇದನ್ನು ಒಪ್ಪದವರು ಇದ್ದಾರೆ. ಸಾಕ್ಷಿಯಾಗಿದ್ದವರೆಲ್ಲ ಒಂದೇ ಕಡೆಯವರು, ಆದ್ದರಿಂದ ಒಪ್ಪದವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಅರಸರಿಗೆ ಆಗ ಇಪ್ಪತ್ತನಾಲ್ಕರ ಸುಮಾರು. ಜಾತಕ ಓದಿದ್ದ ಮುದಿ ಶಾಸ್ತ್ರಿ ಟೇಲರರ ಮುಂದೆ ಬಂದು ಹಳೆಯ ಮಾತು ನೆನಪಿಸಿದನೆಂದು ಆತ್ಮಕಥೆಯಲ್ಲಿದೆ.

ಮುಂದಿನದು ಬೇಗ ಮುಗಿಯುತ್ತದೆ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ತಮಗೆ ನಿಷ್ಠರಾಗಿದ್ದ ನಿಜಾಮರಿಗೆ ಬಹುಮಾನವಾಗಿ ಕೊಟ್ಟುಬಿಟ್ಟರು. ನಾಯಕರ ಸಂಸ್ಥಾನ ಎಂಬುದು ಕಾಗದದಿಂದ ಅಳಿಸಿಹೋಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಸ್ವದೇಶಕ್ಕೆ ಮರಳಿದರು. ಐರ್ಲೆಂಡಿನ ಡಬ್ಲಿನ್ ಹತ್ತಿರ ನೆಲೆಸಿ ಮತ್ತೆ ಕಾದಂಬರಿ ಬರೆಯತೊಡಗಿದರು. 'ತಾರಾ' 1863ರಲ್ಲಿ, 'ಸೀತಾ' 1872ರಲ್ಲಿ. ಕೊನೆಯ ಕಾದಂಬರಿ ಚಾಂದಬೀಬಿಯ ಕಾಲದ್ದು. ಅದರಲ್ಲಿ ಕೃಷ್ಣಾ ನದಿ, ಛಾಯಾ ಭಗವತಿಯ ಧುಮುಕು, ಬೇಡ ನಾಯಕರ ಕೋಟೆಗಳು ಬರುತ್ತವೆ. ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ, ಸಾವಿರಾರು ಮೈಲಿ ದೂರ ಕುಳಿತು, ನಮ್ಮ ನಾರಾಯಣಪುರದ ಬಂಡೆಗಳನ್ನು ಅವರು ನೆನಪಿನಿಂದ ಬರೆದರು. 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ದೇಹ ತಾಳಲಿಲ್ಲ. ಮರಳುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಆತ್ಮಕಥೆಯನ್ನು ಮಗಳು ಮರುವರ್ಷ ಅಚ್ಚು ಹಾಕಿಸಿದಳು.

ಟೇಲರ್ ಸುರಪುರ ಬಿಟ್ಟು ಸುಮಾರು ನೂರು ವರ್ಷಕ್ಕೆ, 1952ರ ಮೊದಲ ಲೋಕಸಭಾ ಚುನಾವಣೆ ನಡೆದಾಗ, ಹೈದರಾಬಾದ್ ರಾಜ್ಯದಲ್ಲಿ ಯಾದಗಿರಿ ಹೆಸರಿನದೇ ಒಂದು ಕ್ಷೇತ್ರವಿತ್ತು. ಈ ಭಾಗದ ಜನ ತಮ್ಮನ್ನು ಆಳುವ ಕಾನೂನು ಮಾಡುವವರನ್ನು ತಾವೇ ಆರಿಸಿದ್ದು ಅಂದೇ ಮೊದಲು. ಟೇಲರರ ಕಾಲದಲ್ಲಿ ಅಂಥ ಮಾತನ್ನು ಟೇಲರರಾಗಲಿ, ಅರಸರಾಗಲಿ, ಕನಸಿನಲ್ಲೂ ನೆನೆಸಿರಲಿಕ್ಕಿಲ್ಲ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಊಟವಾದ ಮೇಲೂ ಅವನು ನನ್ನನ್ನು ಬಿಡಲಿಲ್ಲ. ಮರುವಾರ ತರಗತಿಯಲ್ಲಿ ಟೇಲರರ ಆತ್ಮಕಥೆಯಲ್ಲಿ ಸುರಪುರದ ಬಗ್ಗೆ ಇರುವುದನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿದೆ. ಸೆರೆಮನೆಯ ಪ್ರಸಂಗ ಬಂದಾಗ ತರಗತಿ ಗಪ್ಪಾಗಿತ್ತು. ಕಡೆಗೆ ಅವನೇ ಎದ್ದು ನಿಂತು, "ಸರ್, ಸಾಹೇಬ ತಂದೊಂದು ಪುಸ್ತಕ ಬರದಾನ. ಅರಸರು ಬರದದ್ದು ಏನೂ ಇಲ್ಲೇನ್ರಿ?" ಎಂದ. ನನಗೆ ತಿಳಿದಂತೆ ಇಲ್ಲಪ್ಪ ಎಂದೆ.

ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಮೂರೂ ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ, ಗೌಡರ, ಕುಲಕರ್ಣಿಯವರ, ನಾಯಕರ ಮನೆಗಳ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ, ಕನ್ನಡದ, ಪಾರ್ಸಿಯ ಕಾಗದಪತ್ರಗಳು ಇನ್ನೂ ಇರಬಹುದು. ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ. ಮೂಲ ನಿಮ್ಮಲ್ಲೇ ಇರಲಿ, ಒಂದು ಜೆರಾಕ್ಸ್ ಪ್ರತಿ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೂ ಸಾಕು. 1858ರ ಬಗ್ಗೆ ಅಜ್ಜ ಅಜ್ಜಿಯರು ಹೇಳಿದ ಮಾತು, ಹಾಡು ಏನಾದರೂ ನೆನಪಿದ್ದರೆ, ಹೇಳಿದವರ ಹೆಸರು ಊರು ಸಮೇತ ಒಂದು ಹಾಳೆಯಲ್ಲಿ ಬರೆದು ಮುಖ್ಯ ಗುರುಗಳ ಕೈಗೆ ತಲುಪಿಸಿ.